ನನ್ನನ್ನು ‘ತಾತಾ’ ಎಂದು ಕರೆದ ಊರಿಗೆ

ಇಟಲಿಯಲ್ಲಿ ಮಗು ನೋಡಿಕೊಳ್ಳುವ ಹೆಂಗಸಿಗೆ ಮಕ್ಕಳು ‘ತಾತಾ’ ಅನ್ನುತ್ತವೆ. ನಾನು ಎತ್ತಿ ಆಡಿಸಿದ ಹುಡುಗಿ ಮೊದಲ ಸಲ ಹಾಗೆ ಕರೆದ ರಾತ್ರಿ ಅಕ್ಕನಿಗೆ ಫೋನ್ ಮಾಡಿ, “ಮೂವತ್ತೆಂಟಕ್ಕೇ ತಾತ ಆಗಿಬಿಟ್ಟೆ ಕಣೇ” ಎಂದಿದ್ದೆ. ಆ ಹುಡುಗಿ ಈ ಸೆಪ್ಟೆಂಬರಿನಲ್ಲಿ ಒಂದನೇ ತರಗತಿಗೆ ಸೇರಿದಳು. ನನ್ನ ಕೆಲಸ ಮುಗಿಯಿತು. ಅಬುಧಾಬಿಯಲ್ಲಿ ಎರಡು ವರ್ಷ, ಇಟಲಿಯ ಬೊಲೋನ್ಯಾದಲ್ಲಿ ನಾಲ್ಕು ವರ್ಷ ಕಳೆದು ಕಾರ್ಕಳಕ್ಕೆ ಬಂದು ಒಂದು ತಿಂಗಳಾಯಿತು. ಹೊರಡುವ ಗಡಿಬಿಡಿಯಲ್ಲಿ ಯಾರಿಗೂ ಸರಿಯಾಗಿ ಹೇಳಿ ಬರಲಿಲ್ಲ. ಅದಕ್ಕೇ ಇದು.

ಮೊದಲು ನಾನು ಕೆಲಸಕ್ಕಿದ್ದ ಮನೆಯವರಿಗೆ. ಅವರು ಅಬುಧಾಬಿ ಬಿಟ್ಟು ತಮ್ಮ ಊರಿಗೆ ಹೊರಟಾಗ ನನಗೊಂದು ಟಿಕೆಟ್ ಕೊಟ್ಟು ಊರಿಗೆ ಕಳಿಸಬಹುದಿತ್ತು. ಹಾಗೆ ಮಾಡದೆ, ಹೊರದೇಶದಲ್ಲಿ ತಮ್ಮ ಬಳಿ ವರ್ಷಕ್ಕಿಂತ ಹೆಚ್ಚು ಕಾಲ ದುಡಿದವರನ್ನು ಜೊತೆಗೆ ಕರೆದೊಯ್ಯಲು ಅಲ್ಲಿನ ಕಾನೂನಿನಲ್ಲಿ ಇರುವ ದಾರಿ ಹುಡುಕಿ, ತಿಂಗಳುಗಟ್ಟಲೆ ಕಾಗದಪತ್ರ ಓಡಾಡಿಸಿದರು. ಒಪ್ಪಂದ ಬರೆದರು, ಪಿಂಚಣಿಯ ಪಾಲು ಕಟ್ಟಿದರು, ಡಿಸೆಂಬರಿನಲ್ಲಿ ಹದಿಮೂರನೇ ಸಂಬಳ ಎಂದು ಒಂದು ತಿಂಗಳದ್ದು ಹೆಚ್ಚಿಗೆ ಕೊಟ್ಟರು. ಇದೆಲ್ಲ ಉಪಕಾರವೇನಲ್ಲ, ಕಾನೂನು ಎಂದು ಮನೆಯೊಡತಿ ಸಿನ್ಯೋರಾ ತಾನೇ ಹೇಳುತ್ತಿದ್ದಳು. ನಿಜ. ಆದರೆ ಕಾನೂನು ಇದ್ದೂ ಸಿಗದವರನ್ನು ಪಾರ್ಕಿನ ಬೆಂಚುಗಳ ಮೇಲೆ ಸಾಕಷ್ಟು ಕಂಡಿದ್ದೇನೆ. ಹಾಗಾಗಿ ಥ್ಯಾಂಕ್ಸ್ ಹೇಳಿಯೇ ಹೇಳುತ್ತೇನೆ.

ಆ ಒಪ್ಪಂದದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವ ಸಾಲು ಒಂದಿತ್ತು. ಮನೆಯಲ್ಲೇ ಉಳಿದು ಕೆಲಸ ಮಾಡುವವರಿಗೆ ವಾರಕ್ಕೆ 36 ಗಂಟೆ ಬಿಡುವು. ಭಾನುವಾರ ಪೂರ್ತಿ, ಇನ್ನೊಂದು ದಿನ ಅರ್ಧ. ಆ ಅರ್ಧ ದಿನ ಗುರುವಾರವೇ ಆಗಿರುವುದು ಹಳೆಯ ರೂಢಿ. ಗುರುವಾರ ಮಧ್ಯಾಹ್ನ ಇಟಲಿಯ ಯಾವ ಊರಿನ ಪಾರ್ಕಿಗೆ ಹೋದರೂ ನೋಡಿ, ಮೊಲ್ಡೊವಾ, ಉಕ್ರೇನ್, ರೊಮೇನಿಯಾ, ಫಿಲಿಪ್ಪೀನ್ಸ್‌ನ ಹೆಂಗಸರು ಬುತ್ತಿ ಬಿಚ್ಚಿ ಕೂತಿರುತ್ತಾರೆ. ನಾನು ಇಟಲಿ ನೋಡಿದ್ದು ಆ ಒಂದೂವರೆ ದಿನಗಳಲ್ಲಿ.

ತಿರುಗಾಡಲು ಕಲಿಸಿದವಳು ಅಂಥದೇ ಬೆಂಚಿನಲ್ಲಿ ಸಿಕ್ಕ ಮೊಲ್ಡೊವಾದ ಗೆಳತಿ. ತೊಂಬತ್ತು ದಾಟಿದ ಮುದುಕರೊಬ್ಬರನ್ನು ನೋಡಿಕೊಳ್ಳುತ್ತಿದ್ದಳು. ದುಬಾರಿ ರೈಲಿನ ಕಡೆ ತಿರುಗಿಯೂ ನೋಡಬೇಡ, ‘ರೆಜೊನಾಲೆ’ ಹತ್ತು. ಕಾಗದದ ಟಿಕೆಟಿಗೆ ಹತ್ತುವ ಮುಂಚೆ ಯಂತ್ರದಲ್ಲಿ ಮುದ್ರೆ ಹೊಡೆಸು, ಇಲ್ಲದಿದ್ದರೆ ದಂಡ. ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿ, ಮೇಜಿಗೆ ಹೋಗಿ ಕೂತರೆ ಬೆಲೆ ಏರುತ್ತದೆ. ಹೋಟೆಲಿನಲ್ಲಿ ತಟ್ಟೆಗೆ, ಬ್ರೆಡ್ಡಿಗೆ ಅಂತ ತಲೆಗಿಷ್ಟು ‘ಕೊಪೆರ್ತೊ’ ಹಾಕುತ್ತಾರೆ, ಬಿಲ್ ನೋಡಿ ಜಗಳಕ್ಕಿಳಿಯಬೇಡ. ಇವೆಲ್ಲ ಅವಳ ಪಾಠ. (ಒಂದು ಸಲ ಮುದ್ರೆ ಮರೆತು ದಂಡ ಕಟ್ಟಿದ್ದು ನಾನಲ್ಲ, ಅವಳೇ.)

ಭಾಷೆ ಕಲಿಸಿದ್ದು ಪುಟ್ಟಿ. ಅಬುಧಾಬಿಯಲ್ಲಿ ಇಂಗ್ಲಿಷಿನಲ್ಲೇ ಬದುಕಿದ್ದ ನನಗೆ ಬೊಲೋನ್ಯಾದಲ್ಲಿ ಬಾಯಿ ಕಟ್ಟಿದಂತಾಗಿತ್ತು. ಸಮುದ್ರದಂಡೆಗೆ ಹೋದ ದಿನ ಅವಳು ‘ಪಾಲಾ’ ಕೇಳಿದರೆ ಮರಳು ತೋಡುವ ಸಲಿಕೆ, ‘ಪಾಲ್ಲಾ’ ಕೇಳಿದರೆ ಚೆಂಡು. ನನ್ನ ಜೊತೆಗಿದ್ದ ಬೇರೆ ದೇಶದವರು ಈ ಒತ್ತಿನಲ್ಲಿ ಎಡವುತ್ತಿದ್ದರು. ನನಗೆ ಅದು ಕಷ್ಟವೇ ಆಗಲಿಲ್ಲ. ಬಳಿ ಬೇರೆ ಬಳ್ಳಿ ಬೇರೆ, ಕತೆ ಬೇರೆ ಕತ್ತೆ ಬೇರೆ ಎಂದು ಒಂದನೇ ಕ್ಲಾಸಿನಲ್ಲಿ ಕೈಗೆ ಪೆಟ್ಟು ತಿಂದು ಕಲಿತವಳು ನಾನು. ಮೇಲಾಗಿ ಇಟಾಲಿಯನ್ ಮಾತು ಹೆಚ್ಚುಕಮ್ಮಿ ಎಲ್ಲವೂ ಸ್ವರದಲ್ಲೇ ಮುಗಿಯುತ್ತದೆ. ಬಸ್ಸನ್ನು ‘ಬಸ್ಸು’, ಕಾರನ್ನು ‘ಕಾರು’ ಮಾಡಿದ ಜನಕ್ಕೆ ಅದು ನಾಲಿಗೆಯ ಮೇಲೆ ತಾನಾಗಿ ಕೂರುತ್ತದೆ. ನನ್ನ ಒತ್ತಕ್ಷರದ ಟೀಚರಿಗೂ ಇಲ್ಲಿಂದಲೇ ಒಂದು ನಮಸ್ಕಾರ.

ಊರಿಗೂ ಥ್ಯಾಂಕ್ಸ್ ಹೇಳಬಹುದಾದರೆ ಬೊಲೋನ್ಯಾದ ‘ಪೊರ್ತಿಕೊ’ಗಳಿಗೆ ಹೇಳಬೇಕು. ರಸ್ತೆಯುದ್ದಕ್ಕೂ ಮನೆಗಳ ಕೆಳಗೆ ಕಂಬಗಳ ಸಾಲು, ಮೇಲೆ ಸೂರು. ಊರಿನ ಎಲ್ಲ ಮನೆಗಳ ಜಗಲಿಯನ್ನು ಒಂದಕ್ಕೊಂದು ಜೋಡಿಸಿಬಿಟ್ಟರೆ ಹೇಗಿರುತ್ತದೋ ಹಾಗೆ. 1088ರಿಂದ ನಡೆಯುತ್ತಿರುವುದೆಂದು ಹೇಳುವ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಗಳು ಬಂದು ತುಂಬಿದಾಗ ಜನ ಮಹಡಿಯನ್ನು ಬೀದಿಯ ಕಡೆಗೆ ಚಾಚಿ ಕೋಣೆ ಕಟ್ಟಿದರಂತೆ, ಕೆಳಗೆ ಕಂಬ ಕೊಟ್ಟರಂತೆ. ಬೇರೆ ಊರಾಗಿದ್ದರೆ ಒಡೆಸಿ ಹಾಕುತ್ತಿದ್ದರೇನೋ. ಇಲ್ಲಿ 1288ರಲ್ಲಿ ಹೊಸ ಮನೆಗೆ ಪೊರ್ತಿಕೊ ಇರಲೇಬೇಕೆಂದು ಕಟ್ಟಳೆ ಮಾಡಿದರು. ನಾನು ಕಾಲಿಟ್ಟ 2021ರಲ್ಲೇ ಯುನೆಸ್ಕೊ ಪಟ್ಟಿಗೂ ಸೇರಿತು. ಅದನ್ನೆಲ್ಲ ತಿಳಿದದ್ದು ಆಮೇಲೆ. ನನಗೆ ಗೊತ್ತಿದ್ದದ್ದು ಇಷ್ಟೆ: ನವೆಂಬರಿನ ಮಳೆಯಲ್ಲಿ ಕೊಡೆಯಿಲ್ಲದೆ ಮಗುವಿನ ಗಾಡಿ ತಳ್ಳಿಕೊಂಡು ಊರಿಡೀ ಸುತ್ತಬಹುದು. ಪುಟ್ಟಿ ಮಧ್ಯಾಹ್ನ ಮಲಗದೆ ಹಟ ಹಿಡಿದ ದಿನಗಳಲ್ಲಿ ಬೆಟ್ಟದ ಸಾನ್ ಲೂಕಾ ಇಗರ್ಜಿಗೆ ಹೋಗುವ ಪೊರ್ತಿಕೊ ಹಿಡಿಯುತ್ತಿದ್ದೆ. ಅದರಲ್ಲಿ ಕಮಾನುಗಳೇ 666. ಮೂವತ್ತನೆಯದಕ್ಕೆ ಅವಳು ನಿದ್ದೆ. ಎಲ್ಲವನ್ನೂ ದಾಟಿ ಮೇಲೆ ತಲುಪಿದ್ದು ಒಂದೇ ಸಲ, ಅದೂ ಒಬ್ಬಳೇ.

ಈಗ ಕೆಳಮನೆಯ ಅಜ್ಜಿ. ಇವರ ಬಗ್ಗೆ ಬರೆಯಲಿಕ್ಕೇ ಇಷ್ಟು ದೂರ ಬಂದದ್ದು ಅಂತಲೂ ಹೇಳಬಹುದು.

ಮೊದಲ ಕ್ರಿಸ್ಮಸ್ಸಿಗೆ ಊಟಕ್ಕೆ ಕರೆದರು. ಸಾರಿನಲ್ಲಿ ತೇಲುವ ತೊರ್ತೆಲ್ಲೀನಿ. ಕಿರುಬೆರಳ ತುದಿಯಷ್ಟು ಸಣ್ಣ ಕಡುಬು, ಒಳಗೆ ಹಂದಿಮಾಂಸದ ಹೂರಣ. ನಾನು ಮೀನು, ಕೋಳಿ ತಿಂದರೂ ಹಂದಿ, ದನ ತಿನ್ನುವುದಿಲ್ಲ. ಮುಜುಗರದಿಂದ ಮಾಂಸ ಬೇಡ ಎಂದೆ. ಅಜ್ಜಿ ಸಮಾಧಾನ ಹೇಳಿದರು, “ಇದರಲ್ಲಿ ಮಾಂಸವೆಲ್ಲಿದೆ ಮಗಳೇ, ಪ್ರೊಶುತ್ತೊ ಅಷ್ಟೆ!” ಪ್ರೊಶುತ್ತೊ ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆ. ನಾನು ಬ್ರೆಡ್ಡು ಮುರಿಯುತ್ತ ಕೂತೆ. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಒಂದು ಮಾತಾಡಲಿಲ್ಲ. ಎರಡು ದಿನ ಬಿಟ್ಟು ಬಾಗಿಲು ತಟ್ಟಿದರು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಆಕಾರ ಅದೇ, ಗಾತ್ರ ದೊಡ್ಡದು, ಒಳಗೆ ರಿಕೊತ್ತಾ ಎಂಬ ಮೆದು ಚೀಸು ಮತ್ತು ಸೊಪ್ಪು. ತೊರ್ತೆಲ್ಲೋನಿ. ಕ್ರಿಸ್ಮಸ್ಸಿನ ಹಿಂದಿನ ದಿನ ಮಾಂಸ ಬಿಡುವವರಿಗೆ ಮಾಡುವ ಅಡುಗೆಯಂತೆ. “ನಿನಗೆ ವರ್ಷವಿಡೀ ಹಿಂದಿನ ದಿನವೇ ಅಂತ ತಿಳಿದುಕೊಳ್ಳುತ್ತೇನೆ,” ಎಂದರು. ನಾಲ್ಕು ವರ್ಷ ಹಾಗೆಯೇ ನಡೆದುಕೊಂಡರು.

ಗುರುವಾರ ಮಳೆ ಬಂದರೆ ನಾನು ಅಜ್ಜಿಯ ಅಡುಗೆಮನೆಯಲ್ಲಿ. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ನೀರು ಮುಟ್ಟಿಸುವಂತಿಲ್ಲ. ಲಟ್ಟಿಸಿದ ಹಾಳೆಯನ್ನು ಕಿಟಕಿಗೆ ಹಿಡಿದರೆ ಆಚೆ ಮನೆ ಕಾಣಬೇಕು. ನನ್ನದರಲ್ಲಿ ಮೊದಲ ಆರು ತಿಂಗಳು ಕತ್ತಲೆಯೇ. ಹಾಳೆ ಸುತ್ತಿ ಕೊಯ್ದರೆ ತಾಲ್ಯಾತೆಲ್ಲೆ ಎಂಬ ಪಟ್ಟಿ ಪಾಸ್ತಾ. ಅದರ ಅಗಲ ಬೆಂದ ಮೇಲೆ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಬೊಲೋನ್ಯಾದ ವಾಣಿಜ್ಯ ಮಂಡಳಿಯಲ್ಲಿ ಬರೆಸಿಟ್ಟಿದ್ದಾರೆ, ಜೊತೆಗೆ ಚಿನ್ನದ ಮಾದರಿ ಬೇರೆ. ನೀರುದೋಸೆಗೆ ನಾವೂ ಒಂದು ಮಾಡಿಸಿದರೆ ಹೇಗೆ ಅಂತ ಯೋಚಿಸಿದ್ದುಂಟು. ಆದರೆ ಉಡುಪಿಯವರೂ ಕುಂದಾಪುರದವರೂ ಒಪ್ಪುವ ಅಳತೆ ಎಲ್ಲಿಂದ ತರುವುದು?

ಭಾನುವಾರಗಳ ಲೆಕ್ಕ ಕೊಡಲು ಹೋದರೆ ಮುಗಿಯುವುದಿಲ್ಲ. ಫೆರಾರಾದಲ್ಲಿ ಸಿಹಿಗುಂಬಳದ ಹೂರಣದ ಕಪ್ಪೆಲ್ಲಾಚ್ಚಿ ತಿಂದು, ಬಾಡಿಗೆ ಸೈಕಲ್ಲಿನಲ್ಲಿ ಹಳೆಯ ಕೋಟೆಗೋಡೆ ಸುತ್ತಿದೆ. ರಾವೆನ್ನಾದಲ್ಲಿ ಗಾಲ್ಲಾ ಪ್ಲಾಚಿದಿಯಾ ಸಮಾಧಿಯ ಒಳಗೆ ತಲೆ ಎತ್ತಿದರೆ ಐದನೇ ಶತಮಾನದ ಗಾಜಿನ ಚೂರುಗಳ ನೀಲಿ ಆಕಾಶ, ತುಂಬ ನಕ್ಷತ್ರ. ಚೆಸೆನಾತಿಕೊದ ಕಾಲುವೆಯಲ್ಲಿ ಬಣ್ಣದ ಹಾಯಿಯ ಹಳೆ ದೋಣಿಗಳನ್ನು ಕಂಡು ಮಲ್ಪೆ ನೆನಪಾಗಿ, ಅಳು ಬಂದು, ಹುರಿದ ಮೀನು ಕಟ್ಟಿಸಿಕೊಂಡು ದಂಡೆಯಲ್ಲಿ ಕೂತೆ.

ಮೊದೆನಾದ ಒಂದು ಅಟ್ಟ ಮಾತ್ರ ಮರೆಯಲಾರೆ. ಅಜ್ಜಿಯ ತಂಗಿಯ ಮನೆ. ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಮರದ ಪೀಪಾಯಿಗಳು. ದ್ರಾಕ್ಷಿರಸ ಕುದಿಸಿ ಹಾಕಿ, ವರ್ಷವರ್ಷವೂ ದೊಡ್ಡದರಿಂದ ಸಣ್ಣದಕ್ಕೆ ತುಂಬುತ್ತ ಬಂದರೆ ಕಡಿಮೆಯೆಂದರೂ 12 ವರ್ಷಕ್ಕೆ ಸಾಂಪ್ರದಾಯಿಕ ಬಾಲ್ಸಾಮಿಕ್ ವಿನೆಗರ್ ಆಗುತ್ತದೆ. ಬೇಸಿಗೆಯ ಕಾವು, ಚಳಿಗಾಲದ ತಂಪು ಎರಡೂ ಬೇಕೆಂದು ಅಟ್ಟದಲ್ಲೇ ಇಡುವುದು. ಹೆಣ್ಣುಮಗು ಹುಟ್ಟಿದಾಗ ಒಂದು ಸಾಲು ಶುರು ಮಾಡಿ ಮದುವೆಗೆ ಕೊಡುವ ಪದ್ಧತಿ ಇತ್ತಂತೆ. ಅಲ್ಲಿದ್ದ ಒಂದು ಸಾಲು ಆ ಅಜ್ಜಿಯದೇ. ಚಮಚದಲ್ಲಿ ಎರಡು ಹನಿ ಕೊಟ್ಟರು. ನಮ್ಮ ಅಮ್ಮನ ಮಾವಿನಮಿಡಿ ಭರಣಿಯ ತಳದ ರಸ ಬಾಯಿಗೆ ಬಂದ ಹಾಗಾಯಿತು. ರುಚಿ ಅದಲ್ಲ, ಅದಕ್ಕೆ ಕೊಡುವ ಮರ್ಯಾದೆ ಅದೇ.

ಪಾರ್ಮಿಜಾನೊ ಚೀಸಿನ ಸೀಮೆಯ ಒಂದು ಪಂಜಾಬಿ ಕುಟುಂಬಕ್ಕೂ ನಾನು ಋಣಿ. 40 ಕಿಲೋ ಆಸುಪಾಸಿನ ಒಂದು ಚಕ್ರ ಆಗಲು 550 ಲೀಟರಿನಷ್ಟು ಹಾಲು ಬೇಕು. ಆ ಹಾಲು ಕರೆಯುವ ಕೊಟ್ಟಿಗೆಗಳಲ್ಲಿ ಬಹಳ ಮಂದಿ ಪಂಜಾಬಿನವರು, ರಜೆಯಿಲ್ಲದ ಕೆಲಸ. (ಅಪ್ಪಟ ಸಸ್ಯಾಹಾರಿಗಳು ತಿಳಿದಿರಲಿ, ಆ ಚೀಸಿಗೆ ಹಾಕುವ ಹೆಪ್ಪು ಕರುವಿನ ಹೊಟ್ಟೆಯದು.) ರೈಲಿನಲ್ಲಿ ಪರಿಚಯವಾದ ಆ ಭಾಬಿ ನನ್ನನ್ನು ನೊವೆಲ್ಲಾರಾದ ಗುರುದ್ವಾರಕ್ಕೆ ಕರೆದೊಯ್ದು ಲಂಗರಿನಲ್ಲಿ ಕೂರಿಸಿದರು. ಊರಲ್ಲಿ ಅನ್ನವಿಲ್ಲದೆ ಊಟವೇ ಅಲ್ಲ ಎನ್ನುತ್ತಿದ್ದ ನಾನು ಅವತ್ತು ದಾಲಿನ ಜೊತೆ ಐದು ರೊಟ್ಟಿ ತಿಂದೆ.

ವಾಸದ ಪರವಾನಗಿ ನವೀಕರಣಕ್ಕೆ ಒಂದು ಕಚೇರಿಯ ಕಿಟಕಿಯಿಂದ ಮೂರು ಸಲ ವಾಪಸ್ಸಾದಾಗ, ಕಾಸು ಮುಟ್ಟದೆ ಅರ್ಜಿ ತುಂಬಿಕೊಟ್ಟ ಕಾರ್ಮಿಕ ಸಹಾಯ ಕೇಂದ್ರದ ಆ ಕನ್ನಡಕದ ಹೆಂಗಸಿಗೂ ವಂದನೆ.

ಉಳಿದದ್ದು ಅಕ್ಕ. ನಾನು ಹೋದಾಗ ನನ್ನ ಮಗ ಐದನೇ ಕ್ಲಾಸು, ಈಗ ಪಿಯುಸಿ. ನಾನು ಇನ್ನೊಬ್ಬರ ಮಗುವಿಗೆ ನಾಲ್ಕೂವರೆಗೆ ‘ಮೆರೆಂದಾ’ ಎಂಬ ಸಂಜೆತಿಂಡಿ ತಿನ್ನಿಸುವಾಗ ಇಲ್ಲಿ ರಾತ್ರಿಯೂಟಕ್ಕೆ ಅವನನ್ನು ಎಬ್ಬಿಸಿ ಕೂರಿಸುತ್ತಿದ್ದವಳು ಅವಳು. ನಾನು ಕಳಿಸಿದ ಫೋಟೋಗಳನ್ನೆಲ್ಲ ನೋಡಿ, “ಚಂದ ಉಂಟು. ನೀನು ಉಂಡ್ಯಾ?” ಎಂದಷ್ಟೇ ಕೇಳುತ್ತಿದ್ದಳು. ಅವನಿಗೆ ಜ್ವರ ಬಂದದ್ದು, ಸೈಕಲ್ಲಿನಿಂದ ಬಿದ್ದದ್ದು ನನಗೆ ಗೊತ್ತಾಗುತ್ತಿದ್ದದ್ದು ಗುಣವಾದ ಮೇಲೆಯೇ. ಆ ಬಗ್ಗೆ ಕೋಪವೂ ಇತ್ತು. ಈಗ ಇಲ್ಲ.

ಹೊರಡುವ ದಿನ ಕೆಳಮನೆಯ ಅಜ್ಜಿ ತಮ್ಮ ಲಟ್ಟಣಿಗೆ ಕೊಟ್ಟರು, ಎರಡೂವರೆ ಅಡಿಗೂ ಉದ್ದ. ಅದನ್ನು ಸೀರೆಯಲ್ಲಿ ಸುತ್ತಿ ತಂದೆ. “ಇದೆಂತ ಮಾರಾಯ್ತಿ, ಚಪಾತಿಗೆ ಒಂದು ಗೇಣು ಸಾಲದಾ?” ಎಂದಳು ಅಕ್ಕ. ಈಗ ಅದು ಹಿತ್ತಿಲ ಬಾಗಿಲ ಮೂಲೆಯಲ್ಲಿದೆ. ತೆಂಗಿನ ಮರಕ್ಕೆ ಮಂಗ ಬಂದರೆ ಅದನ್ನೇ ಹಿಡಿದು ಓಡುತ್ತಾಳೆ. ವಿಡಿಯೋ ಮಾಡಿ ಅಜ್ಜಿಗೆ ಕಳಿಸಿದೆ. ಮರುದಿನ ಉತ್ತರ ಬಂತು: ನಿನಗಿಂತ ನಿನ್ನ ಅಕ್ಕನೇ ಸರಿಯಾಗಿ ಹಿಡಿದಿದ್ದಾಳೆ.