ವರದಿಯೂ ನಿನ್ನ ಸಾಹಿತ್ಯವೇ

ಪ್ರೀತಿಯ ತಂಗಿ,

ನೀನು ಕಳಿಸಿದ ಎರಡೂ ಬರಹ ಓದಿದೆ. ಪುಸ್ತಕ ವಿಮರ್ಶೆ ತುಂಬಾ ಹಿಡಿಸಿತು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕದ ವರದಿ ಮಾತ್ರ ಬೇರೆ ಯಾರೋ ಬರೆದಂತಿದೆ. ವರದಿ ಹೊಟ್ಟೆಪಾಡಿಗೆ, ವಿಮರ್ಶೆಯೇ ಸಾಹಿತ್ಯ ಅಂದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಅಮೆರಿಕದ ಲೇಖಕಿ ಮಾರ್ಗರೆಟ್ ಫುಲ್ಲರ್ 1844ರ ಕೊನೆಯಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಗೆ ಸೇರಿದ್ದು ಪುಸ್ತಕ ವಿಮರ್ಶೆಗೆ. ಹೆಸರಿನ ಬದಲು ಒಂದು ನಕ್ಷತ್ರದ ಗುರುತು ಹಾಕುತ್ತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಅವರ ಆತ್ಮಕಥೆಯನ್ನು 1845ರಲ್ಲಿ ಮನಸಾರೆ ಮೆಚ್ಚಿ ಬರೆದರು. ಸಿಂಗ್ ಸಿಂಗ್ ಜೈಲಿನ ಹೆಂಗಸರ ಜೊತೆ ಮಾತಾಡಿದವರೂ ಅವರೇ. ಬಡವರ ಆಶ್ರಮ, ಹುಚ್ಚಾಸ್ಪತ್ರೆಗಳನ್ನು ನೋಡಿ ಬಂದು ಅದೇ ಪತ್ರಿಕೆಯಲ್ಲಿ ಬರೆದರು. ಮುಂದೆ 1849ರಲ್ಲಿ ರೋಮ್ ನಗರಕ್ಕೆ ಮುತ್ತಿಗೆ ಬಿದ್ದಾಗ ಗಾಯಾಳುಗಳ ಆಸ್ಪತ್ರೆ ನೋಡಿಕೊಳ್ಳುತ್ತಲೇ ವರದಿ ಕಳಿಸಿದರು.

ನ್ಯೂಯಾರ್ಕಿನ ಬೆಲ್‌ವ್ಯೂ ಎಂಬ ಬಡವರ ಆಶ್ರಮದಲ್ಲಿ ಅವರ ಕಣ್ಣಿಗೆ ಬಿದ್ದದ್ದು ಏನು ಗೊತ್ತಾ? ಹಸಿ ಬಾಣಂತಿಯರು. ಹೆತ್ತು ಒಂದು ದಿನ ಕಳೆದಿರಲಿಲ್ಲ, ಆಶ್ರಮ ನೋಡಲು ಬಂದ ಗಂಡಸರೆಲ್ಲ ಅವರನ್ನು ನೋಡಿಕೊಂಡು ಹೋಗುತ್ತಿದ್ದರು. ಒಂದು ಮರೆ ಇರಲಿಲ್ಲ. ಊಟದ ಖರ್ಚು, ಹಾಸಿಗೆಯ ಲೆಕ್ಕ ಯಾರು ಬೇಕಾದರೂ ಬರೆದಾರು. ಬಾಣಂತಿಗೆ ಮರೆ ಇಲ್ಲ ಅನ್ನುವುದೂ ಪತ್ರಿಕೆಯಲ್ಲಿ ಬರಬೇಕಾದ ವಿಷಯ ಅಂತ ಅವರಿಗೆ ಅನ್ನಿಸಿತು.

ನಿನಗೂ ಆ ಕಣ್ಣಿದೆ. ಆ ಕಾದಂಬರಿಯ ಸೊಸೆ ಯಾವ ಹೊತ್ತಿಗೆ ಉಣ್ಣುತ್ತಾಳೆ ಅಂತ ಎಲ್ಲೂ ಬರುವುದೇ ಇಲ್ಲ ಎಂದು ವಿಮರ್ಶೆಯಲ್ಲಿ ಹಿಡಿದಿದ್ದೀಯ. ಭೇಷ್! ವರದಿಯಲ್ಲಿ ಮಾತ್ರ ಗೂಡಿನ ರೇಟು, ಮಾಲೀಕರ ಸಾಲ ಇವೇ ತುಂಬಿವೆ. ಬಿಸಿನೀರಿಗೆ ಕೈಹಾಕಿ ಎಳೆ ಹುಡುಕುವ ಹೆಂಗಸರು ಒಂದು ಸಾಲಿನಲ್ಲಿ ಮುಗಿದುಹೋದರು. ಬೆಂದ ಹುಳುವಿನ ವಾಸನೆ, ಬಿಳಚಿಕೊಂಡು ಸುಲಿದ ಬೆರಳು ನೀನು ನೋಡಿಯೇ ಇರುತ್ತೀಯ. ರಾತ್ರಿ ಮನೆಯಲ್ಲಿ ಅದೇ ಬೆರಳಲ್ಲಿ ಬಿಸಿ ಮುದ್ದೆ ಕಟ್ಟಬೇಕಲ್ವಾ?

ಮತ್ತೊಮ್ಮೆ ಹೋಗು. ಮಾಲೀಕರ ಪಕ್ಕ ನಿಲ್ಲಬೇಡ. ಊಟದ ಬಿಡುವಿನಲ್ಲಿ ಆ ಹೆಂಗಸರ ಜೊತೆ ಕೂತುಕೋ. ಕೂಲಿ ಯಾರ ಕೈಗೆ ಸೇರುತ್ತದೆ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಕೇಳು. ಫೋಟೋ ತೆಗೆಯಲು ಮೊಬೈಲ್ ಮಾತ್ರ ಸುಮ್ನೆ ಎತ್ತಬೇಡ. ಆ ಬಾಣಂತಿಯರ ಮುಂದೆ ನಿಂತವರೂ ನಮ್ಮ ಹಾಗೆ ನೋಡಿ ಹೋಗಲು ಬಂದವರೇ. ಹೆಸರು ಬೇಡ ಅಂದರೆ ಹಾಕಬೇಡ. ಅವರ ಕೆಲಸ ನಿನ್ನ ವರದಿಗಿಂತ ದೊಡ್ಡದು.

ಬರೆದು ಮುಗಿಸಿ ಮೊದಲು ನನಗೆ ಕಳಿಸು. ಸಂಪಾದಕರು ಉದ್ದ ಜಾಸ್ತಿಯಾಯಿತು ಅಂದರೆ ಮಾಲೀಕರ ಮಾತನ್ನು ಕತ್ತರಿಸೋಣ, ಹೆಂಗಸರ ಮಾತನ್ನಲ್ಲ.

ನಿನ್ನ ಅಕ್ಕ
ಕೋಲಾರ