ನಟನೆ ಎಲ್ಲಿ ಕಲಿಯೋದು? ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಬ್ರೋಷರ್ ಪೂರ್ತಿ ಓದಿದೆ. ಮೂರು ತಿಂಗಳಲ್ಲಿ ಸ್ಕ್ರೀನ್ ಆಕ್ಟಿಂಗ್, ಜೊತೆಗೆ ಡ್ಯಾನ್ಸು, ಫೈಟು, ಕುದುರೆ ಸವಾರಿ, ಪೋರ್ಟ್‌ಫೋಲಿಯೊ. ಕೊನೆಗೆ ‘ಸಿನಿಮಾದಲ್ಲಿ ಅವಕಾಶ ಖಚಿತ’ ಅಂತ ದಪ್ಪ ಅಕ್ಷರ. ಡಿಗ್ರಿ ಅರ್ಧಕ್ಕೇ ಬಿಟ್ಟು ಇದಕ್ಕೆ ಸೇರುತ್ತೇನೆ ಅಂತೀಯ. ನಟಿಯಾಗಬೇಡ ಅಂತ ನಾನು ಹೇಳುವುದಿಲ್ಲ. ಡಬ್ಬಿಂಗ್ ಮಾಡಿಯೇ ಮನೆ ನಡೆಸಿದವಳು ನಾನು, ಯಾವ ಬಾಯಲ್ಲಿ ಹೇಳಲಿ? ಆದರೆ ಈ ಕೋರ್ಸು ಬೇಡ.

ಒಮ್ಮೆ ಒಬ್ಬ ನಾಯಕಿಗೆ ದನಿ ಕೊಡುತ್ತಿದ್ದೆ. ಅಳುವ ಸೀನು, ಕ್ಲೋಸಪ್. ಶೂಟಿಂಗಿನ ಸೌಂಡ್ ಹಾಕಿ ಕೇಳಿದರೆ ಆ ಹುಡುಗಿ ಡೈಲಾಗ್ ಹೇಳುತ್ತಲೇ ಇಲ್ಲ. ‘ಒನ್, ಟೂ, ತ್ರೀ’ ಅಂತ ಎಣಿಸುತ್ತಿದ್ದಾಳೆ! ಆ ತುಟಿಗೆ ನಾನು ‘ಬಿಟ್ಟು ಹೋಗಬೇಡಿ ಅಪ್ಪಾ’ ಅಂತ ಕೂರಿಸಬೇಕು. ಮಾತು ಹೇಗೋ ಕೂತಿತು, ಉಸಿರು ಮಾತ್ರ ಕೂರಲಿಲ್ಲ. ಎಣಿಸುವವಳ ಎದೆ ಅಳುವವಳ ಎದೆಯ ಹಾಗೆ ಏಳುವುದಿಲ್ಲ ನೋಡು. ಅದೇ ಚಿತ್ರದಲ್ಲಿ ಅಜ್ಜಿಯ ಸಣ್ಣ ಪಾತ್ರ ಮಾಡಿದ್ದ ನಾಟಕದ ಕಲಾವಿದೆಯೊಬ್ಬರು ಬಂದರು. ತಮ್ಮ ದನಿ ತಾವೇ ಕೊಟ್ಟರು. ಸೆಟ್ಟಿನಲ್ಲಿ ಎಲ್ಲಿ ಉಸಿರೆಳೆದಿದ್ದರೋ ಮೈಕ್ ಮುಂದೆಯೂ ಅಲ್ಲೇ ಎಳೆದರು. ಚಹಾ ಕುಡಿದು ಹೋದರು. ಈಗಂತೂ ಶೂಟಿಂಗ್ ಜಾಗದಲ್ಲೇ ದನಿ ಹಿಡಿಯುವುದು ಜಾಸ್ತಿಯಾಗುತ್ತಿದೆ. ನನ್ನಂಥವರು ಆಮೇಲೆ ಬಂದು ಸರಿಮಾಡುತ್ತಾರೆ ಅಂತ ಕೂರುವ ಹಾಗಿಲ್ಲ.

ಹಾಗಾಗಿ ದನಿ, ಉಸಿರು, ಮೈ ಮೂರನ್ನೂ ದಿನಾ ತಿದ್ದುವ ಜಾಗ ಹುಡುಕು. ನನ್ನ ಮನಸ್ಸು ಮೊದಲು ಹೋಗುವುದು ಹೆಗ್ಗೋಡಿಗೆ. ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾಗಿದ್ದು. ಹೆಚ್ಚುಕಡಿಮೆ ಒಂದು ವರ್ಷದ ಕೋರ್ಸು, ಅಲ್ಲೇ ಇದ್ದು ಕಲಿಯಬೇಕು. ಪಾಠ ಕನ್ನಡದಲ್ಲಿ. ನಿನಗೆ ಇಷ್ಟವಾದ ಅಚ್ಯುತ್ ಕುಮಾರ್ ಅಲ್ಲಿಂದಲೇ ಬಂದವರು. ಸತೀಶ್ ಅಂತೂ ಸಂಸ್ಥೆಯ ಹೆಸರನ್ನೇ ತಮ್ಮ ಹೆಸರಿನ ಜೊತೆ ಇಟ್ಟುಕೊಂಡಿದ್ದಾರೆ. ಮೈಸೂರಿನ ರಂಗಾಯಣದಲ್ಲೂ ಒಂದು ವರ್ಷದ ಡಿಪ್ಲೊಮಾ ಇದೆ. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಸಂಸ್ಥೆ ಬಗ್ಗೆ ಕೇಳಿದ್ದೆಯಲ್ಲ, ಅದಕ್ಕೆ ಹೆಸರಿರುವುದು ಕ್ಯಾಮೆರಾ ಮತ್ತು ಸೌಂಡಿನ ಡಿಪ್ಲೊಮಾಗಳಿಗೆ, ನಟನೆಗಲ್ಲ.

ನಾಟಕ ಕಲಿತರೆ ಸಿನಿಮಾ ತಾನಾಗೇ ಬರುತ್ತೆ ಅನ್ನುವವರ ಮಾತನ್ನೂ ಪೂರ್ತಿ ನಂಬಬೇಡ. ಹಿಂದಿನ ಸಾಲಿಗೆ ಕೇಳುವ ಹಾಗೆ ಮಾತಾಡಿ ರೂಢಿಯಾದವರು ಕ್ಲೋಸಪ್ಪಿನಲ್ಲಿ ಹುಬ್ಬು ಕುಣಿಸಿದರೆ ನೋಡಲಾಗುವುದಿಲ್ಲ. ಶೂಟಿಂಗಿನಲ್ಲಿ ಗಂಡನ ಸಾವು ಬೆಳಿಗ್ಗೆ, ಮದುವೆ ಮಧ್ಯಾಹ್ನ. ನೆಲದ ಮೇಲಿನ ಗುರುತಿಗೆ ಕೆಳಗೆ ನೋಡದೆ ಬಂದು ನಿಲ್ಲಬೇಕು. ಹಿಂದಿನ ಶಾಟಿನಲ್ಲಿ ಲೋಟ ಯಾವ ಕೈಯಲ್ಲಿತ್ತು, ಯಾವ ಮಾತಿಗೆ ಕೆಳಗಿಟ್ಟೆ ಅನ್ನುವುದೂ ನೆನಪಿರಬೇಕು. ಇದು ಬೇರೆಯೇ ವಿದ್ಯೆ. ಇದಕ್ಕೆ ಪುಣೆಯ ಸರ್ಕಾರಿ ಫಿಲ್ಮ್ ಶಾಲೆ ಎಫ್‌ಟಿಐಐನಲ್ಲಿ ಸ್ಕ್ರೀನ್ ಆಕ್ಟಿಂಗ್ ಅಂತಲೇ ಎರಡು ವರ್ಷದ ಕೋರ್ಸಿದೆ. ನಸೀರುದ್ದೀನ್ ಶಾ, ಓಂ ಪುರಿ ಇಬ್ಬರೂ ಮೊದಲು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಎನ್‌ಎಸ್‌ಡಿಯಲ್ಲಿ ನಾಟಕ ಕಲಿತು, ಆಮೇಲೆ ಪುಣೆಗೆ ಹೋದವರು. ನಿನಗೂ ಅದೇ ದಾರಿ ಸರಿ ಅನ್ನಿಸುತ್ತೆ. ಮೊದಲು ಹೆಗ್ಗೋಡು, ಆಮೇಲೆ ಪುಣೆಗೆ ಅರ್ಜಿ. ಸೀಟು ಸಿಗುವುದು ಕಷ್ಟ, ಗೊತ್ತು. ಸಿಗದಿದ್ದರೂ ಹೆಗ್ಗೋಡಿನ ವರ್ಷ ಎಲ್ಲಿಗೂ ಹೋಗುವುದಿಲ್ಲ.

ಆದರೆ ಪುಣೆಗೂ ದೆಹಲಿಗೂ ಪದವಿ ಬೇಕೇ ಬೇಕು. ಎನ್‌ಎಸ್‌ಡಿಯವರು ನಾಟಕ ಮಾಡಿದ ಅನುಭವವನ್ನೂ ಕೇಳುತ್ತಾರೆ. ಅದಕ್ಕೇ ಡಿಗ್ರಿ ಬಿಡಬೇಡ ಅಂತ ಇಷ್ಟು ಬಡಿದುಕೊಳ್ಳುತ್ತಿರುವುದು. ಇರುವುದು ಧಾರವಾಡದಲ್ಲಿ, ಅಲ್ಲಿ ನಾಟಕಕ್ಕೆ ಬರವಾ? ಸಂಜೆ ಯಾವುದಾದರೂ ತಂಡಕ್ಕೆ ಸೇರಿಕೋ. ಪಾತ್ರ ಸಿಗದಿದ್ದರೆ ಪರದೆ ಎಳಿ.

ಖರ್ಚಿನ ಚಿಂತೆ ನನಗಿರಲಿ. ಆ ಬ್ರೋಷರಿನವರಿಗೆ ಮಾತ್ರ ಒಂದು ಫೋನ್ ಮಾಡು. ದಿನಾ ದನಿಯ ಅಭ್ಯಾಸ ಎಷ್ಟು ಹೊತ್ತು, ಯಾರು ಮಾಡಿಸುತ್ತಾರೆ ಅಂತ ಕೇಳು. ವಾರಕ್ಕೆ ಎಷ್ಟು ಸಲ ಕ್ಯಾಮೆರಾ ಮುಂದೆ ನಿಲ್ಲಿಸಿ, ಶೂಟ್ ಮಾಡಿದ್ದನ್ನು ತೋರಿಸಿ ತಿದ್ದುತ್ತಾರೆ ಅಂತ ಕೇಳು. ಹೋದ ವರ್ಷ ಕಲಿತವರ ಜೊತೆ ಮಾತಾಡಿಸಿ ಅನ್ನು. ಏನಂದರು ಅಂತ ಬರಿ. ಅಲ್ಲಿಯವರೆಗೆ ಒಂದು ರೂಪಾಯಿ ಮುಂಗಡವೂ ಬೇಡ.

ನಿನ್ನ ಅಮ್ಮ