ಚಾಸಿಸ್ ಕೊಳ್ಳುವ ಮೊದಲು ಅಳತೆ ನೋಡಿ

ಮಾನ್ಯ ಸಂಪಾದಕರೇ,

ಗುರಿ ಅಭ್ಯಾಸದ ರೈಫಲ್‌ಗಳಿಗೆ ಹಾಕುವ ಮಾಡ್ಯುಲರ್ ಚಾಸಿಸ್ (ಅಳತೆ ಹೊಂದಿಸಿಕೊಳ್ಳಬಹುದಾದ ಲೋಹದ ಚೌಕಟ್ಟು) ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹ ಓದಿದೆ. ಭುಜಕ್ಕೆ ಕೊಡುವ ಮರದ ಒಡಲಾದ ಸ್ಟಾಕ್ ತೆಗೆದು ಅಲ್ಯೂಮಿನಿಯಂ ಚಾಸಿಸ್ ಕೂರಿಸಿದರೆ ಸಾಕು, ಗುಂಡುಗಳೆಲ್ಲ ಒಂದೇ ಕಡೆ ಬೀಳುತ್ತವೆ ಎನ್ನುವ ಹಾಗಿದೆ ಅದು. ಇದನ್ನು ನಂಬಿ ಹೊಸಬರು ದುಡ್ಡು ಸುರಿಯುತ್ತಾರಲ್ಲ ಎಂದು ಬೇಸರವಾಯಿತು.

ನಾನು ಎಡಗೈಯವಳು, ಎತ್ತರ ಐದೇ ಅಡಿ. ಒಂಬತ್ತು ವರ್ಷದಿಂದ ಪ್ರತಿ ಗುಂಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ತಳ್ಳುವ .22 ಬೋಲ್ಟ್ ರೈಫಲ್‌ನಲ್ಲಿ 50 ಮೀಟರ್ ದೂರದ ಗುರಿಗೆ ಹೊಡೆಯುತ್ತಿದ್ದೇನೆ. ಮೊದಲು ತರಿಸಿದ ಚಾಸಿಸ್‌ನ ಪೆಟ್ಟಿಗೆ ಬಿಚ್ಚಿದರೆ, ಬೋಲ್ಟ್‌ನ ಹಿಡಿಗೆ ಬಿಟ್ಟ ಜಾಗ ಬಲಗಡೆ ಇತ್ತು. ನನ್ನ ಬೋಲ್ಟ್ ಇರುವುದು ಎಡಕ್ಕೆ. ಮಾರಿದವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೋಲ್ಟ್, ಟ್ರಿಗರ್ ಇರುವ ಲೋಹದ ಭಾಗಕ್ಕೆ ಆ್ಯಕ್ಷನ್ ಎನ್ನುತ್ತಾರೆ. ಅದು ಕೂರುವ ಚಾಸಿಸ್ ಒಳಗಿನ ಕೊರೆತ ಒಂದೊಂದು ಆ್ಯಕ್ಷನ್‌ಗೆ ಒಂದೊಂದು ಥರ ಇರುತ್ತದೆ. ರೆಮಿಂಗ್ಟನ್ 700 ಎಂಬ ರೈಫಲ್ ಅಳತೆಯ ಆ್ಯಕ್ಷನ್ ಇದ್ದವರಿಗೆ ಆಯ್ಕೆ ಜಾಸ್ತಿ. ಉಳಿದವರು ಮಾಡೆಲ್ ಯಾವುದು, ಆ್ಯಕ್ಷನ್ ಉದ್ದದ್ದೋ ಗಿಡ್ಡದ್ದೋ, ಯಾವ ಕೈ ಎಂದು ಬರೆದುಕೊಂಡೇ ಕೇಳಬೇಕು.

ಬದಲಿಸಿ ತರಿಸಿದ್ದಾಯಿತು. ಆದರೂ ಕುತ್ತಿಗೆ ನೋವು ಹೋಗಲಿಲ್ಲ. ಕಾರಣ ಗೊತ್ತಾಗಲು ನನಗೆ ಮೂರು ತಿಂಗಳು ಬೇಕಾಯಿತು. ಟ್ರಿಗರ್‌ನಿಂದ ಭುಜಕ್ಕೆ ತಾಗುವ ತುದಿಯವರೆಗಿನ ಉದ್ದ ಮಾಮೂಲಿ ಸ್ಟಾಕ್‌ನಲ್ಲಿ ಸುಮಾರು 13.5 ಇಂಚು. ನನಗೆ ಬೇಕಾದದ್ದು 12.25. ನನ್ನ ಚಾಸಿಸ್ ಎಷ್ಟೇ ಕುಗ್ಗಿಸಿದರೂ 13ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಎಷ್ಟು ಉದ್ದ ಎಳೆಯಬಹುದು ಎಂದು ಎಲ್ಲರೂ ಹೇಳುತ್ತಾರೆ, ಎಷ್ಟು ಗಿಡ್ಡ ಮಾಡಬಹುದು ಎಂದು ನಾವೇ ಕೇಳಬೇಕು. ಹೆಂಗಸರು, ಮಕ್ಕಳು ಎಷ್ಟು ಜನ ಈ ಆಟಕ್ಕೆ ಬರುತ್ತಿದ್ದಾರೆ, ಅವರ ಅಳತೆ ಲೆಕ್ಕಕ್ಕೆ ಬೇಡವಾ?

ಕೆನ್ನೆ ಒರಗಿಸುವ ಪಟ್ಟಿಯ ಎತ್ತರ ನೋಡುವುದು ಸುಲಭ. ರೈಫಲ್ ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಬೋಲ್ಟ್ ತೆಗೆದಿಡಿ. ಕಣ್ಣು ಮುಚ್ಚಿ ಭುಜಕ್ಕೆ ಕೊಟ್ಟು, ಕೆನ್ನೆಯನ್ನು ಅದರ ಪಾಡಿಗೆ ಕೂರಲು ಬಿಡಿ. ಈಗ ಕಣ್ಣು ತೆರೆಯಿರಿ. ಗುರಿ ಹಿಡಿಯುವ ದುರ್ಬೀನಾದ ಸ್ಕೋಪ್‌ನೊಳಗೆ ಪೂರ್ತಿ ದುಂಡಗೆ ಕಾಣಬೇಕು. ಮೇಲೋ ಕೆಳಗೋ ಬಿದಿಗೆ ಚಂದ್ರನ ಹಾಗೆ ಕಪ್ಪು ನೆರಳು ಕಂಡರೆ ಕೆನ್ನೆಪಟ್ಟಿಯ ಎತ್ತರ ಸರಿಯಿಲ್ಲ. ಸುತ್ತಲೂ ಕಪ್ಪು ಬಳೆ ಕಂಡರೆ ಸ್ಕೋಪನ್ನು ಹಿಂದೆ ಮುಂದೆ ಸರಿಸಬೇಕು. ಹೊಡೆಯುವಾಗ ಕತ್ತು ಚಾಚಿ ಇದನ್ನೆಲ್ಲ ಸರಿದೂಗಿಸುತ್ತೇವೆ, ನಲವತ್ತನೇ ಗುಂಡಿನ ಹೊತ್ತಿಗೆ ಅದೇ ಕತ್ತು ಸೋಲುತ್ತದೆ.

ಚಾಸಿಸ್‌ನಿಂದ ಲಾಭವೇ ಇಲ್ಲ ಎನ್ನುತ್ತಿಲ್ಲ. ಮರ ತೇವ ಕುಡಿದು ಉಬ್ಬುತ್ತದೆ, ಲೋಹ ಉಬ್ಬುವುದಿಲ್ಲ. ನನ್ನ ಹಳೇ ಸ್ಟಾಕ್‌ಗೂ ಬ್ಯಾರೆಲ್‌ಗೂ ನಡುವೆ ಕಾಗದದ ಚೂರು ತೂರಿಸಿ ಎಳೆದರೆ ಬೇಸಿಗೆಯಲ್ಲಿ ಆ್ಯಕ್ಷನ್ನಿನವರೆಗೂ ಸರಾಗವಾಗಿ ಬರುತ್ತಿತ್ತು. ಮಳೆಗಾಲದಲ್ಲಿ ಮರ ಉಬ್ಬಿ ಬ್ಯಾರೆಲ್ಲಿಗೆ ತಾಗಿ, ನಾಲ್ಕು ಬೆರಳು ಮೊದಲೇ ಸಿಕ್ಕಿಕೊಳ್ಳುತ್ತಿತ್ತು. ಗುಂಡು ಬೀಳುವ ಜಾಗವೂ ಆಗ ಸರಿಯುತ್ತಿತ್ತು. ಆದರೆ ಅಷ್ಟಕ್ಕೆ ತಾಗುವ ಕಡೆ ಮರವನ್ನು ಉಪ್ಪುಕಾಗದ ಹಾಕಿ ಉಜ್ಜಿದ್ದರೂ ಸಾಕಿತ್ತು, ಅಲ್ವಾ?

ಸ್ಪರ್ಧೆಗೆ ಹೋಗುವವರು ತೂಕ ನೋಡಲೇಬೇಕು. ಅಂತಾರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ 50 ಮೀಟರ್ ರೈಫಲ್‌ಗೆ 8 ಕೆ.ಜಿ. ಮಿತಿ. ದೂರದ ಗುರಿಗೆ ಮಲಗಿ ಹೊಡೆಯುವ ಎಫ್-ಟಿಆರ್ ವಿಭಾಗದಲ್ಲಿ ಸ್ಕೋಪ್, ಬೈಪಾಡ್ (ಮುಂದಿನ ಎರಡು ಕಾಲಿನ ಊರೆ) ಎಲ್ಲ ಸೇರಿ 8.25 ಕೆ.ಜಿ. ಮಲಗಿ ಹೊಡೆಯುವವರಿಗೆ ಭಾರ ಅನುಕೂಲ. ನಿಂತು ಹೊಡೆಯುವ ನನ್ನಂಥವರಿಗೆ ರೈಫಲ್ ಮೂತಿ ಭಾರವಾದರೆ ಕೈ ನಡುಗುತ್ತದೆ. ಆ್ಯಕ್ಷನ್ ಸ್ಕ್ರೂಗಳನ್ನು ಸುಮ್ನೆ ಕೈ ಅಂದಾಜಿನಲ್ಲಿ ಬಿಗಿಯಬೇಡಿ, ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್ ಹಿಡಿಯಿರಿ.

ಮುಂದಿನ ಸಲ ಈ ಬಗ್ಗೆ ಬರೆಸುವಾಗ ಪ್ರತಿ ಚಾಸಿಸ್‌ನ ಅತಿ ಕಡಿಮೆ ಉದ್ದ ಎಷ್ಟು, ಎಡಗೈಯವರಿಗೆ ಸಿಗುತ್ತದೆಯೇ ಎಂಬ ಎರಡು ವಿಷಯವನ್ನು ದಯವಿಟ್ಟು ಅಚ್ಚು ಹಾಕಿಸಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು